ತಲೆಗೂ ಮುಖಕ್ಕೂ ಪಿಆರ್‌ಪಿ: ರಕ್ತ ತೆಗೆಯುವುದರಿಂದ ಫಲ ನೋಡುವವರೆಗೆ

ಡೆಂಗಿ ಬಂದುಹೋದ ಮನೆಗಳಲ್ಲಿ ಪ್ಲೇಟ್‌ಲೆಟ್ ಕೌಂಟ್ ಎಲ್ಲರಿಗೂ ಬಾಯಿಪಾಠ: ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗಿದ್ದರೆ ಗಾಬರಿ ಬೇಡ. ಅದು ಒಂದು ಮೈಕ್ರೋಲೀಟರ್ ರಕ್ತದಲ್ಲಿನ ಸಂಖ್ಯೆ. ನಿಮ್ಮದೇ ರಕ್ತ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಈ ಸಂಖ್ಯೆಯನ್ನು 10ರಿಂದ 15 ಲಕ್ಷಕ್ಕೆ ಏರಿಸಿದ ಪ್ಲಾಸ್ಮಾವೇ (ರಕ್ತದ ಹಳದಿ ದ್ರವ) ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ. ಪ್ಲೇಟ್‌ಲೆಟ್ ಕೆರಳಿದಾಗ ಪಿಡಿಜಿಎಫ್, ವಿಇಜಿಎಫ್, ಟಿಜಿಎಫ್-ಬೀಟಾದಂಥ ಬೆಳವಣಿಗೆಯ ಅಂಶಗಳು ಹೊರಬರುತ್ತವೆ. ಗಾಯ ಮಾಯಿಸಲು ದೇಹ ಬಳಸುವ ಈ ಅಂಶಗಳನ್ನೇ ಕೂದಲಿನ ಬುಡಕ್ಕೋ ಮುಖದ ಚರ್ಮಕ್ಕೋ ಕೊಡುವುದು ಚಿಕಿತ್ಸೆಯ ಉದ್ದೇಶ.

ಪಿಆರ್‌ಪಿ ಕೈಕೊಡುವುದಕ್ಕೆ ಎರಡು ಕಾರಣ ಮತ್ತೆ ಮತ್ತೆ ಸಿಗುತ್ತವೆ. ಒಂದು, ಆ ತಲೆಗೆ ಅದು ಬೇಕಾಗಿರಲೇ ಇಲ್ಲ. ಇನ್ನೊಂದು, ಸಿರಿಂಜಿನಲ್ಲಿದ್ದದ್ದು ಬರೀ ಹಳದಿ ನೀರು, ಪ್ಲೇಟ್‌ಲೆಟ್ ಹೆಚ್ಚಿರಲಿಲ್ಲ. ಇವೆರಡನ್ನೂ ಹಣ ಕಟ್ಟುವ ಮೊದಲೇ ಪತ್ತೆ ಹಚ್ಚಬಹುದು.

ಯಾರ ತಲೆಗೆ ಬೇಕು, ಯಾರದ್ದಕ್ಕೆ ಬೇಡ

ವಂಶಪಾರಂಪರ್ಯದ ಕೂದಲು ತೆಳುವಾಗುವಿಕೆಯಲ್ಲಿ ಪಿಆರ್‌ಪಿಗೆ ಒಳ್ಳೆಯ ಆಧಾರವಿದೆ. ಗಂಡಸರಲ್ಲಿ ಹಣೆಯ ಎರಡು ಮೂಲೆ ಮತ್ತು ನೆತ್ತಿ, ಹೆಂಗಸರಲ್ಲಿ ಅಗಲವಾಗುತ್ತಾ ಹೋಗುವ ಬೈತಲೆ ಇದರ ಗುರುತು. ಕೂದಲು ಸಣ್ಣಗಾಗಿದ್ದರೂ ಬುಡ ಜೀವಂತವಾಗಿರಬೇಕು. ನೆತ್ತಿ ಹೊಳೆಯುತ್ತಾ ಹತ್ತಾರು ವರ್ಷ ಕಳೆದಿದ್ದರೆ ಎಷ್ಟು ಚುಚ್ಚಿದರೂ ಅಲ್ಲಿ ಹುಟ್ಟಲು ಏನೂ ಉಳಿದಿರುವುದಿಲ್ಲ.

ಟೈಫಾಯ್ಡ್, ಡೆಂಗಿ, ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಉದುರಿದರೆ ಅದರ ಕತೆಯೇ ಬೇರೆ. ಕಾರಣ ಹೋದ ಮೇಲೆ ಸುಮಾರು ಆರು ತಿಂಗಳಲ್ಲಿ ಅದು ತಾನಾಗಿ ನಿಲ್ಲುತ್ತದೆ. ಈ ಹೊತ್ತಿನಲ್ಲಿ ಪಿಆರ್‌ಪಿ ಮಾಡಿಸಿಕೊಂಡರೆ ಖರ್ಚು ನಿಮ್ಮದು, ಹೆಸರು ಕ್ಲಿನಿಕ್ಕಿನದು. ಫೆರಿಟಿನ್ (ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್), ಬಿ12, ವಿಟಮಿನ್ ಡಿ ನೋಡಿಸಿ. ಕೊರತೆಯಿದ್ದರೆ ಮೊದಲು ಅದನ್ನು ತುಂಬಿಸಿಕೊಳ್ಳಿ. ನಾಣ್ಯದ ಹಾಗೆ ದುಂಡಗೆ ಕೂದಲು ಹೋದರೆ ಮೊದಲ ಮದ್ದು ಸ್ಟೀರಾಯ್ಡ್. ನೆತ್ತಿ ಉರಿ, ತುರಿಕೆಯೊಂದಿಗೆ ಕಲೆಗಟ್ಟುತ್ತಿದ್ದರೆ ಬಯಾಪ್ಸಿ ಬೇಕಾಗಬಹುದು, ಅಲ್ಲಿಯವರೆಗೆ ಸೂಜಿ ಮುಟ್ಟಿಸಬೇಡಿ.

ವಂಶದ ಬಗೆಯಲ್ಲೂ ಪಿಆರ್‌ಪಿ ಒಂಟಿ ಮದ್ದಲ್ಲ. ತಲೆಗೆ ಹಚ್ಚುವ ಮಿನಾಕ್ಸಿಡಿಲ್ 5%, ಗಂಡಸರಿಗೆ ವೈದ್ಯರು ಹೇಳಿದರೆ ಫಿನಾಸ್ಟರೈಡ್ 1 ಮಿ.ಗ್ರಾಂ ಮಾತ್ರೆ, ಇವುಗಳ ಜೊತೆಗೆ ಸೇರಿಸುವ ಚಿಕಿತ್ಸೆ ಅದು. "ಔಷಧಿ ಏನೂ ಬೇಡ, ಆರು ಸಿಟ್ಟಿಂಗ್ ಸಾಕು" ಎನ್ನುವ ಪ್ಯಾಕೇಜನ್ನು ನಂಬಬೇಡಿ.

ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ, ರಕ್ತಸ್ರಾವದ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಗರ್ಭ, ಜ್ವರ, ಚುಚ್ಚುವ ಜಾಗದಲ್ಲಿ ಕೀವು ಅಥವಾ ಸೋಂಕು: ಇವುಗಳಲ್ಲಿ ಯಾವುದಿದ್ದರೂ ಮುಂದೂಡಿ ಅಥವಾ ಕೈಬಿಡಿ. ಸಿಬಿಸಿ (ರಕ್ತಕಣಗಳ ಎಣಿಕೆ), ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಕೇಳದ ಕ್ಲಿನಿಕ್ಕಿನಿಂದ ಎದ್ದು ಬನ್ನಿ. ಕರ್ನಾಟಕದಲ್ಲಾದರೆ ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರವಿರಬೇಕು. ಚುಚ್ಚುವವರು ಚರ್ಮರೋಗ ತಜ್ಞರೇ ಎಂದು ಕೇಳಲು ಸಂಕೋಚ ಬೇಡ.

ಹಿಂದಿನ ವಾರ

ಆಸ್ಪಿರಿನ್ ಒಮ್ಮೆ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಮಂಕಾಗಿಯೇ ಇರುತ್ತದೆ, ಅದರ ಆಯಸ್ಸು 7ರಿಂದ 10 ದಿನ. ಹಾಗಾಗಿ ಅದನ್ನೂ, ಪ್ಲೇಟ್‌ಲೆಟ್ ಕೆಲಸಕ್ಕೆ ತಾತ್ಕಾಲಿಕವಾಗಿ ಅಡ್ಡಿಯಾಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನೂ ಒಂದು ವಾರ ಮೊದಲೇ ನಿಲ್ಲಿಸುವ ರೂಢಿ. ಹೃದಯಕ್ಕೆಂದು ಆಸ್ಪಿರಿನ್ ಅಥವಾ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ನೀವಾಗಿ ನಿಲ್ಲಿಸಲೇಬೇಡಿ. ಕೂದಲಿಗಿಂತ ಹೃದಯ ದೊಡ್ಡದು. ನೋವಿದ್ದರೆ ಪ್ಯಾರಸಿಟಮಾಲ್ ಸಾಕು.

ಹಿಂದಿನ ರಾತ್ರಿ ಬಿರಿಯಾನಿ, ಬೆಳಗ್ಗೆ ತುಪ್ಪದ ದೋಸೆ ಬೇಡ. ಜಿಡ್ಡಿನ ಊಟದ ನಂತರ ಪ್ಲಾಸ್ಮಾ ಹಾಲಿನಂತೆ ಕದಡಿ ಪದರಗಳೇ ಕಾಣುವುದಿಲ್ಲ. ಹಾಗೆಂದು ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ತಲೆ ಸುತ್ತಿ ಬೀಳುವವರು ಅವರೇ. ಎರಡು ಇಡ್ಲಿ ತಿಂದು, ಎರಡು ಲೋಟ ನೀರು ಕುಡಿದು ಹೋಗಿ, ನರವೂ ಸುಲಭಕ್ಕೆ ಸಿಗುತ್ತದೆ. ತಲೆಗೆ ಎಣ್ಣೆ ಹಚ್ಚದೆ, ಶಾಂಪೂ ಹಾಕಿ ತೊಳೆದುಕೊಳ್ಳಿ.

ಟ್ಯೂಬಿನ ಲೆಕ್ಕ

ಚಿಕಿತ್ಸೆಯ ಮುಕ್ಕಾಲು ಭಾಗ ನಿರ್ಧಾರವಾಗುವುದು ಇಲ್ಲೇ, ಕ್ಲಿನಿಕ್ಕುಗಳು ಅವಸರ ಮಾಡುವುದೂ ಇಲ್ಲೇ.

ನಿಮ್ಮ ಕೌಂಟ್ 2.5 ಲಕ್ಷ ಎಂದಿಟ್ಟುಕೊಳ್ಳಿ. 10 ಎಂ.ಎಲ್. ರಕ್ತದಲ್ಲಿ ಒಟ್ಟು 250 ಕೋಟಿ ಪ್ಲೇಟ್‌ಲೆಟ್. ಅದರಿಂದ 5 ಎಂ.ಎಲ್. "ಪಿಆರ್‌ಪಿ" ತೆಗೆದರೆ, ಒಂದೂ ಪೋಲಾಗಲಿಲ್ಲ ಎಂದರೂ ಮೈಕ್ರೋಲೀಟರಿಗೆ 5 ಲಕ್ಷ ದಾಟುವುದಿಲ್ಲ. ಕೈಯಲ್ಲಿ ತಯಾರಿಸುವಾಗ 100ಕ್ಕೆ 60 ಉಳಿದರೆ ಅದು ಚೆನ್ನಾಗಿಯೇ ಮಾಡಿದ ಕೆಲಸ. ಆ ಲೆಕ್ಕದಲ್ಲಿ 5 ಎಂ.ಎಲ್.ನಲ್ಲಿ 10 ಲಕ್ಷ ಬೇಕಾದರೆ ಸುಮಾರು 33 ಎಂ.ಎಲ್. ರಕ್ತ ತೆಗೆಯಲೇಬೇಕು, 20 ಎಂ.ಎಲ್. ತೆಗೆದರೆ ಅದೇ ಸಾಂದ್ರತೆಯ ಪಿಆರ್‌ಪಿ ಸಿಗುವುದು 3 ಎಂ.ಎಲ್. ಮಾತ್ರ. ಒಂದೇ ಸಣ್ಣ ಟ್ಯೂಬಿನ ರಕ್ತದಿಂದ ಇಡೀ ತಲೆ ತುಂಬಿಸುತ್ತೇವೆ ಎಂದರೆ ಗಣಿತವೇ ಒಪ್ಪುವುದಿಲ್ಲ.

ರಕ್ತ ತೆಗೆಯಲು 21 ಗೇಜ್‌ನ ಸೂಜಿ, ಸರಾಗ ಹರಿವು. ತೆಳು ಸೂಜಿಯಲ್ಲಿ ನಿಧಾನಕ್ಕೆ ಎಳೆದರೆ ಪ್ಲೇಟ್‌ಲೆಟ್ ದಾರಿಯಲ್ಲೇ ಕೆರಳಿ ಗಂಟುಕಟ್ಟುತ್ತದೆ. ಟ್ಯೂಬಿನಲ್ಲಿ ಹೆಪ್ಪು ತಡೆಯುವ ದ್ರವ ಎಸಿಡಿ-ಎ ಅಥವಾ ಸೋಡಿಯಂ ಸಿಟ್ರೇಟ್ ಇರಬೇಕು. ಎಸಿಡಿ-ಎ ಆದರೆ 8.5 ಎಂ.ಎಲ್. ರಕ್ತಕ್ಕೆ 1.5 ಎಂ.ಎಲ್., ಸಿಟ್ರೇಟ್ ಆದರೆ ಒಂಬತ್ತು ಪಾಲಿಗೆ ಒಂದು ಪಾಲು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಲ್ಯಾಬಿನ ಎಣಿಕೆಗೆ ಸರಿ, ಇಲ್ಲಿ ಪ್ಲೇಟ್‌ಲೆಟ್‌ನ ರೂಪ ಕೆಡಿಸುತ್ತದೆ. ಬಣ್ಣ ನಂಬಿ ಎಡವುವುದೂ ಉಂಟು. ಎಸಿಡಿ-ಎ ಟ್ಯೂಬಿನ ಮುಚ್ಚಳ ಹಳದಿ, ಸೀರಮ್ಮಿಗೆ ಬಳಸುವ ಜೆಲ್ ಟ್ಯೂಬಿನ ಮುಚ್ಚಳವೂ ಬಂಗಾರದ ಹಳದಿ. ಆದರೆ ಎರಡನೆಯದರಲ್ಲಿರುವುದು ರಕ್ತ ಹೆಪ್ಪುಗಟ್ಟಿಸುವ ಪುಡಿ. ಅದರಲ್ಲಿ ತಿರುಗಿಸಿದರೆ ಪ್ಲೇಟ್‌ಲೆಟ್ ಎಲ್ಲ ಹೆಪ್ಪಿನೊಳಗೆ ಸಿಕ್ಕಿಕೊಂಡು ಮೇಲೆ ನಿಲ್ಲುವುದು ಬರೀ ಸೀರಮ್. ನೋಡಲು ಅದೂ ಹಳದಿಯೇ. ಮುಚ್ಚಳ ಬಿಟ್ಟು ಲೇಬಲ್ ಓದಿ.

ತುಂಬಿದ ಟ್ಯೂಬನ್ನು ಐದಾರು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು, ಕುಲುಕಬಾರದು. ಬೆರೆಯದಿದ್ದರೆ ಆಮೇಲೆ ಪ್ಲಾಸ್ಮಾದಲ್ಲಿ ದಾರದಂಥ ಎಳೆಗಳು ತೇಲುತ್ತವೆ. ಹಾಗೆ ಕಂಡರೆ ಆ ಟ್ಯೂಬ್ ಕಸಕ್ಕೆ.

ಆಮೇಲೆ ಎರಡು ಸುತ್ತು. ಮೊದಲನೆಯದು ಮೆದು: ಸಾಮಾನ್ಯವಾಗಿ 100ರಿಂದ 300 ಜಿ ಬಲ (ಭೂಮಿಯ ಸೆಳೆತದ ಅಷ್ಟು ಪಟ್ಟು), 5ರಿಂದ 10 ನಿಮಿಷ. ಕೆಂಪು ಕಣ ತಳಕ್ಕೆ, ನಡುವೆ ತೆಳ್ಳನೆಯ ಬಿಳಿ ಪದರ, ಮೇಲೆ ಹಳದಿ ಪ್ಲಾಸ್ಮಾ. ಪ್ಲಾಸ್ಮಾವನ್ನು ಬಿಳಿ ಪದರದ ಅಂಚಿನವರೆಗೂ ಎಳೆದು, ಬೇರೆ ಖಾಲಿ ಸ್ಟೆರೈಲ್ ಟ್ಯೂಬಿಗೆ ಹಾಕಿ ಎರಡನೆಯ ಸುತ್ತು: 400 ಜಿ ಮೇಲ್ಪಟ್ಟು, ಸುಮಾರು 10 ನಿಮಿಷ. ಈಗ ಪ್ಲೇಟ್‌ಲೆಟ್ ತಳದಲ್ಲಿ ಪುಟ್ಟ ಗುಂಡಿಯಂತೆ ಕೂತಿರುತ್ತದೆ. ಮೇಲಿನ ಮೂರರಲ್ಲಿ ಎರಡು ಪಾಲು ಪ್ಲೇಟ್‌ಲೆಟ್ ಕಡಿಮೆಯಿರುವ ಬಡ ಪ್ಲಾಸ್ಮಾ, ತೆಗೆದು ಚೆಲ್ಲಬೇಕು. ಉಳಿದದ್ದನ್ನು ಮೆಲ್ಲಗೆ ಆಡಿಸಿ ಗುಂಡಿ ಕರಗಿಸಿದರೆ ಪಿಆರ್‌ಪಿ ಸಿದ್ಧ. ಚೆಲ್ಲಲು ಮನಸ್ಸಾಗದೆ ಎಲ್ಲವನ್ನೂ ಬೆರೆಸಿ ಚುಚ್ಚಿದರೆ ಎರಡನೆಯ ಸುತ್ತೇ ವ್ಯರ್ಥ.

"1500 ಆರ್‌ಪಿಎಂ" ಎಂದಷ್ಟೇ ಹೇಳಿದರೆ ಏನೂ ಹೇಳಿದಂತಲ್ಲ. ಜಿ ಬಲವೆಂದರೆ 0.00001118 × ರೋಟರ್‌ನ ತ್ರಿಜ್ಯ ಸೆಂ.ಮೀ.ನಲ್ಲಿ × ಆರ್‌ಪಿಎಂನ ವರ್ಗ. ಅದೇ 1500ಕ್ಕೆ 10 ಸೆಂ.ಮೀ. ತ್ರಿಜ್ಯದ ಯಂತ್ರದಲ್ಲಿ ಸುಮಾರು 250 ಜಿ, 15 ಸೆಂ.ಮೀ.ನದರಲ್ಲಿ ಸುಮಾರು 375 ಜಿ. ಮೊದಲ ಸುತ್ತಿನಲ್ಲಿ ಬಲ ಹೆಚ್ಚಾದರೆ ಪ್ಲೇಟ್‌ಲೆಟ್ ಕೆಂಪು ಕಣಗಳ ಜೊತೆ ತಳ ಸೇರುತ್ತದೆ. ಎದುರುಬದುರು ಟ್ಯೂಬ್‌ಗಳ ತೂಕ ಸಮ ಇರಬೇಕು. ಯಂತ್ರ ತಾನಾಗಿ ನಿಲ್ಲಬೇಕು, ಬ್ರೇಕ್ ಹಾಕಿದರೆ ಪದರ ಕದಡುತ್ತದೆ.

ಕೊನೆಗೆ ಬರುವ ದ್ರವ ಒಣಹುಲ್ಲಿನ ಬಣ್ಣ, ತುಸು ಮಬ್ಬು. ಚೂರು ಗುಲಾಬಿ ಛಾಯೆ ಪರವಾಗಿಲ್ಲ. ಟೊಮೆಟೊ ಸಾರಿನಷ್ಟು ಕೆಂಪಾಗಿದ್ದರೆ ಕೆಂಪು ಕಣ ಬೆರೆತಿದೆ, ಚುಚ್ಚಿದಾಗ ನೋವು ಬಾವು ಹೆಚ್ಚು. ಫ್ರಿಜ್ಜಿನಲ್ಲಿ ಇಡುವಂತಿಲ್ಲ, ತಂಪಿಗೆ ಪ್ಲೇಟ್‌ಲೆಟ್ ಕೆರಳುತ್ತದೆ. ತಯಾರಾದ ಕೂಡಲೇ ಬಳಸಬೇಕು; "ಉಳಿದದ್ದು ಮುಂದಿನ ತಿಂಗಳಿಗೆ" ಎಂಬ ಮಾತೇ ಇಲ್ಲ.

ಚುಚ್ಚುವಾಗ

ಮರಗಟ್ಟಿಸುವ ಕ್ರೀಮು ಹಚ್ಚಿ ಮುಚ್ಚಿ 45ರಿಂದ 60 ನಿಮಿಷ ಕಾಯಬೇಕು. ಕೂದಲಿರುವ ಜಾಗದಲ್ಲಿ ಅದು ಅಷ್ಟು ಹಿಡಿಯುವುದಿಲ್ಲವಾದ್ದರಿಂದ ತಲೆಗೆ ಹಣೆಯ ನರಗಳ ಬಳಿ ಮರಗಟ್ಟಿಸುವ ಮದ್ದು ಲಿಗ್ನೊಕೇನ್ ಕೊಡುವುದು ವಾಸಿ. ಲಿಗ್ನೊಕೇನನ್ನು ಪಿಆರ್‌ಪಿಗೇ ಬೆರೆಸುವುದು ಮಾತ್ರ ಸರಿಯಲ್ಲ, ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ.

ತೆಳ್ಳನೆಯ 30 ಗೇಜ್ ಸೂಜಿ ಅಥವಾ ಇನ್ಸುಲಿನ್ ಸಿರಿಂಜು. ತೆಳುವಾದ ಜಾಗದಲ್ಲೆಲ್ಲ ಸುಮಾರು ಒಂದು ಸೆಂ.ಮೀ. ಅಂತರದಲ್ಲಿ ಚುಚ್ಚಿ, ಪ್ರತಿ ಚದರ ಸೆಂ.ಮೀ.ಗೆ 0.05ರಿಂದ 0.1 ಎಂ.ಎಲ್.; ಇಡೀ ತಲೆಗೆ 5ರಿಂದ 7 ಎಂ.ಎಲ್. ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಪ್ಲೇಟ್‌ಲೆಟ್‌ಗಳನ್ನು ಮೊದಲೇ ಎಬ್ಬಿಸುವ ಪದ್ಧತಿಯೂ ಇದೆ. ತಲೆಗೆ ಅದು ಕಡ್ಡಾಯವಲ್ಲ, ಚರ್ಮದೊಳಗಿನ ಕೊಲಾಜೆನ್ ತಾಗಿದರೇ ಸಾಕು. ಸೇರಿಸಿ ತಡಮಾಡಿದರೆ ದ್ರವ ಜೆಲ್ ಆಗಿ ಸೂಜಿ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಂದರಂತೆ 3ರಿಂದ 5 ಸಿಟ್ಟಿಂಗ್, ಆಮೇಲೆ ಫಲ ಕಂಡವರಿಗೆ ನಾಲ್ಕಾರು ತಿಂಗಳಿಗೊಮ್ಮೆ.

ಸಿರಿಂಜು, ಸೂಜಿ, ಟ್ಯೂಬ್ ಎಲ್ಲದರ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು. ಟ್ಯೂಬಿನ ಮೇಲೆ ನಿಮ್ಮ ಹೆಸರಿರಬೇಕು. ಅಮೆರಿಕದ ಆಲ್ಬುಕರ್ಕಿಯ ಸ್ಪಾ ಒಂದರಲ್ಲಿ ಮುಖಕ್ಕೆ ಇದೇ ಚಿಕಿತ್ಸೆ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದು 2018ರಲ್ಲಿ ಬೆಳಕಿಗೆ ಬಂತು. 2024ರಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಟಿಸಿದ ವರದಿಯ ಪ್ರಕಾರ ಹೆಸರಿಲ್ಲದ ರಕ್ತದ ಟ್ಯೂಬ್‌ಗಳು ಅಡುಗೆಮನೆಯ ಕಟ್ಟೆಯ ಮೇಲೂ, ಫ್ರಿಜ್ಜಿನಲ್ಲಿ ತಿಂಡಿಯ ಜೊತೆಗೂ ಇದ್ದವು. ಬಳಸಿದ ಸೂಜಿ ಬಿಳಿಯ ಗಟ್ಟಿ ಡಬ್ಬಕ್ಕೆ ಹೋಗುತ್ತದೆಯೇ ಎಂದು ಕಣ್ಣಾಡಿಸಿದರೆ ಕ್ಲಿನಿಕ್ಕಿನ ಶಿಸ್ತು ಗೊತ್ತಾಗಿಬಿಡುತ್ತದೆ.

ಮುಖಕ್ಕೆ

ಮುಖದ ವಿಷಯದಲ್ಲಿ ಆಧಾರ ತಲೆಯಷ್ಟು ಗಟ್ಟಿಯಿಲ್ಲ. ಚರ್ಮದ ನಯ, ಸಣ್ಣ ಗೆರೆ, ಮೊಡವೆ ಕಲೆಯಲ್ಲಿ ಸ್ವಲ್ಪ ಗೆಲುವು ನಿರೀಕ್ಷಿಸಬಹುದು. ಜೋತ ಕೆನ್ನೆ ಮೇಲೇರುವುದಿಲ್ಲ. ಮೊಡವೆ ಕಲೆಗೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮದಲ್ಲಿ ರಂಧ್ರ ಮಾಡುವುದು) ಜೊತೆ ಮಾಡಿದರೆ ಚೆನ್ನ: ಕೆನ್ನೆಗೆ 1.5 ಮಿ.ಮೀ. ಆಸುಪಾಸು, ಹಣೆ ಮತ್ತು ಕಣ್ಣಿನ ಸುತ್ತ ಅದಕ್ಕಿಂತ ಕಡಿಮೆ ಆಳ. ಸೂಜಿ ಚುಚ್ಚಿದಂತೆ ಆಳವಾದ ಕಿರಿದಾದ ಗುಂಡಿಗಳಿಗೆ ಇದರಿಂದ ಹೆಚ್ಚೇನೂ ಆಗದು, ಅವಕ್ಕೆ ಟಿಸಿಎ ಎಂಬ ಆಮ್ಲ ಹಚ್ಚುವ ವಿಧಾನ ಬೇರೆಯಿದೆ. ಕಣ್ಣಿನ ಕೆಳಗಿನ ಕಪ್ಪಿಗೆ ಕಾರಣ ಗುಳಿಯಾದರೆ ಪಿಆರ್‌ಪಿಯಿಂದ ಗುಳಿ ತುಂಬುವುದಿಲ್ಲ.

ನಮ್ಮ ಕಂದು ಚರ್ಮದಲ್ಲಿ ಪೆಟ್ಟು ಬಿದ್ದಲ್ಲೆಲ್ಲ ಕಪ್ಪು ಉಳಿಯುವ ಸ್ವಭಾವ. ಆದ್ದರಿಂದ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ವಾರಗಟ್ಟಲೆ. ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಕ್ರೀಮನ್ನು ಕೆಲವು ದಿನ ಮುಂಚೆ ನಿಲ್ಲಿಸಿ. ತುಟಿಯ ಬಳಿ ಆಗಾಗ ಹರ್ಪಿಸ್ ಗುಳ್ಳೆ ಏಳುವವರು, ಗಾಯ ಗಂಟಾಗಿ ಬೆಳೆಯುವವರು ಮೊದಲೇ ಹೇಳಬೇಕು. ಹುಬ್ಬುಗಳ ನಡುವೆ ಚುಚ್ಚಿಸಿಕೊಂಡ ಬಳಿಕ ದೃಷ್ಟಿ ಹೋದ ಪ್ರಕರಣಗಳು ವಿರಳವಾಗಿಯಾದರೂ ವರದಿಯಾಗಿವೆ. ಚುಚ್ಚುತ್ತಿರುವಾಗ ಕಣ್ಣು ಮಂಜಾದರೆ, ಒಳಗೆ ತಡೆಯಲಾರದ ನೋವು ಬಂದರೆ, ತಕ್ಷಣ ನಿಲ್ಲಿಸಿ ಕಣ್ಣಿನ ಆಸ್ಪತ್ರೆಗೆ ಓಡಬೇಕು. ಮರುದಿನಕ್ಕೆ ನೋಡೋಣ ಎನ್ನುವಂತಿಲ್ಲ.

ಮನೆಗೆ ಬಂದ ಮೇಲೆ

ಆ ದಿನ ತಲೆಗೆ ನೀರು ಬೇಡ, ಮರುದಿನ ಮೆದು ಶಾಂಪೂ. ಎಣ್ಣೆ ಸ್ನಾನ, ತಿಕ್ಕುವುದು, ಜಿಮ್ಮು ಎರಡು ಮೂರು ದಿನ ಬಿಡಿ. ಹೆಲ್ಮೆಟ್ ಒಳಗೆ ಬೆವರಿನ ಕೊಳೆಯಿದ್ದರೆ ಆ ದಿನ ಆಟೋದಲ್ಲಿ ಹೋಗಿ. ಮಿನಾಕ್ಸಿಡಿಲ್ 24 ಗಂಟೆ ಬಿಟ್ಟು ಮುಂದುವರಿಸಿ. ಹಣೆಗೆ ಕೊಟ್ಟ ಮದ್ದು ಇಳಿದು ಎರಡನೆಯ ದಿನ ರೆಪ್ಪೆ ಊದಿಕೊಳ್ಳಬಹುದು. ತಲೆದಿಂಬು ಎತ್ತರಿಸಿ ಮಲಗಿದರೆ ಕಡಿಮೆಯಾಗುತ್ತದೆ. ಎರಡು ದಿನದ ಮೇಲೂ ನೋವು ಏರುತ್ತಾ ಹೋದರೆ, ಕೀವು ಅಥವಾ ಜ್ವರ ಕಂಡರೆ ಸೋಂಕು ಎಂದುಕೊಂಡು ವೈದ್ಯರಿಗೆ ತೋರಿಸಿ. ಒಂದು ವಾರದೊಳಗೆ ನೋವಾದರೆ ಪ್ಯಾರಸಿಟಮಾಲ್ ಮಾತ್ರ, ಬೇರೆ ನೋವಿನ ಮಾತ್ರೆ ಬೇಡ.

ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂ.ಮೀ. ಉದುರುವಿಕೆ ಎರಡು ಮೂರು ತಿಂಗಳಲ್ಲಿ ಇಳಿಯಬೇಕು, ದಪ್ಪವನ್ನು ಆರು ತಿಂಗಳಿಗೆ ಮುನ್ನ ಅಳೆಯಬೇಡಿ. ಕನ್ನಡಿ ಇದಕ್ಕೆ ಸಾಕ್ಷಿಯಲ್ಲ. ಒಣಗಿದ ಕೂದಲು, ಒಂದೇ ದೀಪ, ಒಂದೇ ದೂರ, ಒಂದೇ ಕಡೆ ತೆಗೆದ ಬೈತಲೆ, ಹೀಗೆ ಮೊದಲ ದಿನವೇ ಫೋಟೊ ತೆಗೆದಿಡಿ. ಸಾಧ್ಯವಾದರೆ ಕೂದಲ ಬುಡವನ್ನು ದೊಡ್ಡದಾಗಿ ತೋರಿಸುವ ಟ್ರೈಕೋಸ್ಕೋಪ್ ಚಿತ್ರವನ್ನೂ ಕೇಳಿ. ಆರು ತಿಂಗಳಿಗೆ ಫೋಟೊದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಇನ್ನೊಂದು ಪ್ಯಾಕೇಜು ಕಟ್ಟುವ ಬದಲು ಕಾರಣವನ್ನೇ ಮತ್ತೆ ಪರೀಕ್ಷಿಸಿಕೊಳ್ಳಿ. ಅದಕ್ಕಾಗಿ ಪ್ರತಿ ಸಿಟ್ಟಿಂಗಿನಲ್ಲೂ ನಾಲ್ಕು ವಿಷಯ ಫೈಲಿನಲ್ಲಿ ಬರೆಸಿಕೊಳ್ಳಿ: ತೆಗೆದ ರಕ್ತ ಎಷ್ಟು ಎಂ.ಎಲ್., ಟ್ಯೂಬ್ ಯಾವುದು, ಎರಡೂ ಸುತ್ತಿನ ಜಿ ಬಲ ಮತ್ತು ನಿಮಿಷ, ಚುಚ್ಚಿದ ಪಿಆರ್‌ಪಿ ಎಷ್ಟು ಎಂ.ಎಲ್. ಆ ಪಿಆರ್‌ಪಿಯದೇ ಒಂದು ಹನಿಯ ಪ್ಲೇಟ್‌ಲೆಟ್ ಕೌಂಟ್ ಮಾಡಿಸಿಕೊಟ್ಟರಂತೂ ಬೇರೆ ವೈದ್ಯರ ಬಳಿ ಹೋದಾಗ ಮೊದಲು ತೋರಿಸಬೇಕಾದ ಕಾಗದ ಅದೇ.