ಬೀದಿ ನಾಯಿಗಳ ಲೆಕ್ಕ: ಕಣ್ಣಿಗೆ ಬೀಳದವನ್ನೂ ಎಣಿಸುವುದು ಹೇಗೆ?

ನಮ್ಮ ಬಡಾವಣೆಯಲ್ಲಿ ಎಷ್ಟು ಬೀದಿ ನಾಯಿಗಳಿವೆ? ಒಬ್ಬರು ಮೂವತ್ತು ಎನ್ನುತ್ತಾರೆ, ಇನ್ನೊಬ್ಬರು ಇನ್ನೂರು. ಒಂದು ಸುತ್ತು ಎಣಿಸಿ ಅದೇ ಸಂಖ್ಯೆ ಬರೆದುಕೊಂಡು ಬರುವವರನ್ನು ತುಂಬಾ ನೋಡಿದ್ದೇನೆ. ಕಾರಿನಡಿ, ಕಾಂಪೌಂಡ್ ಹಿಂದೆ ಮಲಗಿದ್ದವು ತಪ್ಪಿಹೋಗುತ್ತವೆ ಅಲ್ವಾ? ಅದಕ್ಕೇ ಎರಡು ಸುತ್ತು ಬೇಕು: ಮೊದಲು ಕಂಡವುಗಳಲ್ಲಿ ಎಷ್ಟು ಎರಡನೇ ಸುತ್ತಿನಲ್ಲೂ ಸಿಕ್ಕವು ಎಂಬುದರಿಂದ ತಪ್ಪಿಹೋದವನ್ನೂ ಸೇರಿಸಿ ಅಂದಾಜು ಮಾಡಬಹುದು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಹುಲಿಗಳ ಅಂದಾಜು ಮಾಡಿದ್ದೂ ಇದೇ ತತ್ವದಿಂದ.

ಬೆಳಿಗ್ಗೆ ಆರಕ್ಕೆ ಹೊರಡಿ, ಒಂದು ಗಲ್ಲಿಯನ್ನೂ ಬಿಡದೆ ನಡೆಯಿರಿ, ಕಂಡ ಪ್ರತಿ ದೊಡ್ಡ ನಾಯಿಯ ಫೋಟೊ ತೆಗೆಯಿರಿ. ಮರಿಗಳನ್ನು ಬಿಡಿ. ಎರಡು ದಿನ ಬಿಟ್ಟು ಮತ್ತೆ ಅದೇ ಕೆಲಸ. ನಾಯಿ ಹಿಡಿಯುವ ವ್ಯಾನ್ ಬರುವ ವಾರ ಬೇಡ. ಬಿಸ್ಕತ್ತು ಖಂಡಿತ ಬೇಡ, ಪಕ್ಕದ ಬೀದಿಯವೂ ಹಿಂದೆ ಬರುತ್ತವೆ.

ಕಷ್ಟ ಇರುವುದು ಫೋಟೊ ಹೊಂದಿಸುವುದರಲ್ಲಿ. ಎಡ, ಬಲ, ಎದುರು, ಮೂರೂ ಕಡೆಯಿಂದ ತೆಗೆಯಿರಿ, ಏಕೆಂದರೆ ಒಂದು ದಿನ ಎಡಗಡೆ, ಇನ್ನೊಂದು ದಿನ ಬಲಗಡೆ ಮಾತ್ರ ಸಿಕ್ಕರೆ ಒಂದೇ ನಾಯಿ ಎರಡಾಗುತ್ತದೆ. ಬಾಲದ ತುದಿ, ಕಾಲಿನ ಬಿಳಿ ಮಚ್ಚೆ, ಹಳೆಯ ಗಾಯ ನೋಡಿ. ಕಿವಿಯ ಕತ್ತರಿ ಗುರುತು ಸಂತಾನಹರಣ ಆದ ಎಲ್ಲ ನಾಯಿಗೂ ಇರುತ್ತದೆ, ಅದನ್ನು ನಂಬಬೇಡಿ. ಗುರುತಿಗೆಂದು ಬಣ್ಣದ ಸ್ಪ್ರೇ ಹೊಡೆಯುವವರಿದ್ದಾರೆ, ದಯವಿಟ್ಟು ಬೇಡ, ಅವು ಅದನ್ನು ನೆಕ್ಕುತ್ತವೆ. ಇಬ್ಬರು ಬೇರೆ ಬೇರೆ ಕೂತು ಹೊಂದಿಸಿ, ಆಮೇಲೆ ಹೋಲಿಸಿ.

ಲೆಕ್ಕ ಸುಲಭ. ಮೊದಲ ದಿನ 42, ಎರಡನೇ ದಿನ 38, ಎರಡೂ ದಿನ ಕಂಡವು 19 ಎಂದುಕೊಳ್ಳಿ. ಎರಡನೇ ದಿನದವುಗಳಲ್ಲಿ ಅರ್ಧ ಮೊದಲೇ ಕಂಡವು. ಅಂದರೆ ಮೊದಲ ದಿನ ನಿಮಗೆ ಸಿಕ್ಕಿದ್ದು ಇರುವುದರಲ್ಲಿ ಸುಮಾರು ಅರ್ಧ, ಒಟ್ಟು 84. ನಾನು ಇದೇ ಲೆಕ್ಕವನ್ನು ಸ್ವಲ್ಪ ತಿದ್ದಿದ ಸೂತ್ರವಾದ ಚಾಪ್ಮನ್ ತಿದ್ದುಪಡಿಯನ್ನೇ ಬಳಸುತ್ತೇನೆ, ಚಿಕ್ಕ ಸಂಖ್ಯೆಗೆ ಅದೇ ಸರಿ: ಮೂರಕ್ಕೂ ಒಂದೊಂದು ಸೇರಿಸಿ, 43ನ್ನು 39ರಿಂದ ಗುಣಿಸಿ, 20ರಿಂದ ಭಾಗಿಸಿ, ಕೊನೆಗೆ ಒಂದು ಕಳೆಯಿರಿ. 83. ಆದರೆ ಫೋಟೊ ಹೊಂದಿಸುವಾಗ ಐದೇ ಜೋಡಿ ತಪ್ಪಿದರೂ ಇದು 111 ಆಗಿಬಿಡುತ್ತದೆ! ಎರಡೂ ದಿನ ಊಟ ಹಾಕುವ ಜಾಗದಲ್ಲೇ ಜಾಸ್ತಿ ಹೊತ್ತು ನಿಂತರೆ ಉಲ್ಟಾ, ಅವೇ ಮತ್ತೆ ಮತ್ತೆ ಸಿಕ್ಕಿ ಅಂದಾಜು ಇಳಿಯುತ್ತದೆ.

83 ಎಂದಷ್ಟೇ ಬರೆಯಬೇಡಿ. ಇಲ್ಲಿ ನಿಜವಾದ ಸಂಖ್ಯೆ ಸುಮಾರು 65ರಿಂದ 101ರೊಳಗೆ ಎಲ್ಲಾದರೂ ಇರಬಹುದು. ರೇಬಿಸ್ ತಡೆಯಲು ಕನಿಷ್ಠ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬೀಳಬೇಕು, ಹಾಗಾಗಿ ಡೋಸ್ ತರಿಸುವಾಗ 101ನ್ನೇ ಹಿಡಿಯಿರಿ: 71 ಡೋಸ್.