ಕೊನೆ ದಿನಕ್ಕೆ ರಿಮೈಂಡರ್ ಇಟ್ಟರೆ ಕೆಲಸ ಕೆಡುತ್ತದೆ

ಹೋದ ವರ್ಷ ನಮ್ಮ ಆಫೀಸಿನ ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾಯಿತು. ರಿಮೈಂಡರ್ ಇರಲಿಲ್ಲವಾ? ಇತ್ತು. 20ನೇ ತಾರೀಕು ಬೆಳಗ್ಗೆ 10ಕ್ಕೆ ಸರಿಯಾಗಿ ಟಿಣ್ ಅಂದಿತ್ತು. ಲೆಕ್ಕ ಸಿದ್ಧ, ದುಡ್ಡು ಕಟ್ಟಿಯಾಗಿದೆ, ಆದರೆ ಕೊನೆಯ ಓಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ, ಅವರೋ ಶಿರಸಿ ಹತ್ತಿರ ಒಂದು ಮದುವೆ ಮನೆಯಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ದಿನಕ್ಕೆ 50 ರೂಪಾಯಿ ದಂಡ ಏನೂ ದೊಡ್ಡದಲ್ಲ ಬಿಡಿ. ತಪ್ಪು ಯಾರದು ಅಂತ ಎರಡು ದಿನ ನಡೆದ ಮಾತುಕತೆ ಇತ್ತಲ್ಲ, ಅದು ದೊಡ್ಡದು.

ಆಮೇಲೆ ಹೀಗೆ ಮಾಡಿಕೊಂಡೆವು.

ಮೊದಲು ತಾರೀಕುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮಂಥ ಸಣ್ಣ ಆಫೀಸಿಗೆ ತಿಂಗಳ ಪಟ್ಟಿ ಇಷ್ಟು: 7ಕ್ಕೆ ಟಿಡಿಎಸ್ (ಸಂಬಳ, ಬಿಲ್ಲುಗಳಲ್ಲಿ ಮೊದಲೇ ಹಿಡಿದುಕೊಂಡ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿ ರಿಟರ್ನ್), 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್ಐ (ಆರೋಗ್ಯ ವಿಮೆ) ಕಂತು, 20ಕ್ಕೆ 3ಬಿ (ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿ ರಿಟರ್ನ್, ನಮ್ಮದು ತಡವಾಗಿದ್ದು ಇದೇ). ಇದರ ಜೊತೆ ವರ್ಷಕ್ಕೊಮ್ಮೆ ಬರುವ ಗಾಡಿ ಇನ್ಶೂರೆನ್ಸ್, ವೆಬ್‌ಸೈಟ್ ಡೊಮೇನ್, ಬಾಡಿಗೆ ಕರಾರು. ನಿಜವಾಗಿ ಕೈಕೊಡುವುದು ಇವೇ, ಯಾಕೆಂದರೆ ತಿಂಗಳ ಕೆಲಸ ಹೇಗೋ ಅಭ್ಯಾಸ ಆಗಿರುತ್ತದೆ.

ಈಗ ಗೂಗಲ್ ಕ್ಯಾಲೆಂಡರಿನಲ್ಲಿ ತಂಡಕ್ಕೇ ಅಂತ ಬೇರೆ ಕ್ಯಾಲೆಂಡರ್ ತೆರೆಯಿರಿ. ಇದನ್ನು ಕಂಪ್ಯೂಟರಿನಲ್ಲೇ ಮಾಡಿ. ಆಫೀಸಿನ ಮೇಲ್ ಐಡಿಯಿಂದ ತೆರೆಯಿರಿ, ಸ್ವಂತದ್ದರಿಂದ ಬೇಡ, ನಾಳೆ ನೀವು ಕೆಲಸ ಬಿಟ್ಟರೆ ಕ್ಯಾಲೆಂಡರೂ ನಿಮ್ಮ ಜೊತೆಗೇ ಹೊರಟುಬಿಡುತ್ತದೆ. ಆಮೇಲೆ ಎಲ್ಲರ ಜೊತೆ ಶೇರ್ ಮಾಡಿ.

ಇಲ್ಲೇ ಜಾಸ್ತಿ ಜನ ಎಡವುವುದು. ಶೇರ್ ಮಾಡಿದ ತಕ್ಷಣ ಎಲ್ಲರ ಫೋನೂ ಟಿಣ್ ಅನ್ನುತ್ತದೆ ಅಂದುಕೊಳ್ಳುತ್ತಾರೆ. ಅನ್ನುವುದಿಲ್ಲ. ನೀವು ಇಟ್ಟ ನೋಟಿಫಿಕೇಶನ್ ನಿಮಗೆ ಮಾತ್ರ. ಉಳಿದವರು ತಮ್ಮ ತಮ್ಮ ಸೆಟ್ಟಿಂಗ್ಸ್‌ಗೆ ಹೋಗಿ ಆ ಕ್ಯಾಲೆಂಡರಿಗೆ ನೋಟಿಫಿಕೇಶನ್ ಹಾಕಿಕೊಳ್ಳಬೇಕು. ಹೇಳಿ ಬಿಟ್ಟರೆ ಯಾರೂ ಮಾಡುವುದಿಲ್ಲ, ಟೀ ಹೊತ್ತಿಗೆ ಒಬ್ಬೊಬ್ಬರ ಪಕ್ಕ ಕೂತು ಮಾಡಿಸಿ.

ಒಂದೊಂದು ತಾರೀಕಿಗೂ ಎರಡು ರಿಮೈಂಡರ್ ಸಾಕು: ಒಂದು ಕೆಲಸ ಶುರು ಮಾಡಬೇಕಾದ ದಿನಕ್ಕೆ, ಇನ್ನೊಂದು ಗಡುವಿಗೆ ಎರಡು ದಿನ ಮೊದಲು. ಗಡುವಿನ ದಿನಕ್ಕೆ ಇಡಲೇಬೇಡಿ. ಐದಾರು ಸಲ ಬಡಿದುಕೊಂಡರೆ ಯಾರೂ ನೋಡುವುದಿಲ್ಲ, ಸುಮ್ನೆ ಬೆರಳಲ್ಲಿ ಸರಿಸುತ್ತಾರೆ, ಅಲ್ವಾ?

ಬರೆಯುವ ರೀತಿಯೂ ಮುಖ್ಯ. 'ಜಿಎಸ್‌ಟಿ' ಅಂತ ಬರೆದರೆ ಯಾರು ಏನು ಮಾಡಬೇಕು? ನಮ್ಮದರಲ್ಲಿ 18ಕ್ಕೆ ಹೀಗಿದೆ: 'ಅಕೌಂಟ್ಸ್‌ನವರು: 3ಬಿ ಇವತ್ತೇ ಸಲ್ಲಿಸಿ, ಓಟಿಪಿಗೆ ಸರ್‌ಗೆ ಫೋನ್ ಮಾಡಿ.' ಮುಗಿದ ಮೇಲೆ ಅವರೇ ಆ ರಿಮೈಂಡರಿನ ಹೆಸರಿನ ಮುಂದೆ 'ಆಯ್ತು' ಅಂತ ಸೇರಿಸುತ್ತಾರೆ. ಇದು ತಿಂಗಳು ತಿಂಗಳು ಮರಳಿ ಬರುವ ರಿಮೈಂಡರ್ ಆದ್ದರಿಂದ, ಉಳಿಸುವಾಗ 'ಈ ಒಂದಕ್ಕೆ ಮಾತ್ರ' ಅನ್ನುವುದನ್ನು ಆರಿಸಬೇಕು, ಇಲ್ಲದಿದ್ದರೆ ಮುಂದಿನ ತಿಂಗಳುಗಳ ಕೆಲಸವೂ ಈಗಲೇ ಆಯ್ತು ಅಂತಾಗುತ್ತದೆ. ಒಮ್ಮೆ ಆಗಿದೆ ಕೂಡ.

ಪ್ರತಿ ತಿಂಗಳು ತಾನಾಗಿ ಬರುವ ಹಾಗೆ ಇಡುವಾಗ ಎರಡು ಎಚ್ಚರ. 31ನೇ ತಾರೀಕಿಗೆ ಇಟ್ಟರೆ 30 ದಿನದ ತಿಂಗಳುಗಳಲ್ಲಿ ಅದು ಬರುವುದೇ ಇಲ್ಲ, 28ಕ್ಕೆ ಇಡಿ. ಮತ್ತೆ ಮಾರ್ಚ್ ತಿಂಗಳ ಟಿಡಿಎಸ್ ಕಟ್ಟಲು ಏಪ್ರಿಲ್ 7ರ ಬದಲು 30ರ ತನಕ ಸಮಯ ಇದೆ, ಅದಕ್ಕೆ ಬೇರೆಯದೇ ಇಡಿ. ಸರ್ಕಾರ ಗಡುವು ಮುಂದೂಡಿದರೆ ಆ ತಿಂಗಳ ಮಟ್ಟಿಗೆ ತಿದ್ದಿ.

ಕೊನೆಗೆ, ಐದು ನಿಮಿಷದ ನಂತರಕ್ಕೆ ಒಂದು ಸುಳ್ಳು ರಿಮೈಂಡರ್ ಇಟ್ಟು ನೋಡಿ. ನಮ್ಮಲ್ಲಿ ಇಬ್ಬರ ಫೋನ್ ಸುಮ್ಮನಿದ್ದವು. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಕ್ಯಾಲೆಂಡರ್ ಆ್ಯಪನ್ನೇ ಮಲಗಿಸಿಬಿಟ್ಟಿತ್ತು.