ಕೋವಿಗೆ ಹೊಂದುವ ತೋಟೆ ಯಾವುದು? ಪರೀಕ್ಷಿಸುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಇಂದಿಗೂ ಇವೆ. ಹೆಚ್ಚಿನವು ಹನ್ನೆರಡು ಬೋರಿನ (ಬೋರ್ ಎಂದರೆ ನಳಿಗೆಯ ಒಳಗಿನ ಅಗಲ) ಒಂಟಿನಳಿಗೆ ಅಥವಾ ಜೋಡುನಳಿಗೆ ಕೋವಿಗಳು, ಅಲ್ಲೊಂದು ಇಲ್ಲೊಂದು .315 ರೈಫಲ್. ಹಿರಿಯರ ಕೋವಿ ಪರವಾನಗಿ ವರ್ಗಾವಣೆಯಾಗಿ ಮಗನ ಕೈಗೆ ಬರುವಾಗ ಅಟ್ಟದ ಪೆಟ್ಟಿಗೆಯಲ್ಲಿದ್ದ ಹಳೆಯ ತೋಟೆಗಳೂ ಜೊತೆಗೆ ಬರುತ್ತವೆ, ಸೈನ್ಯದಲ್ಲಿದ್ದ ಬಂಧುವೊಬ್ಬರು ನೆನಪಿಗೆಂದು ಇಟ್ಟುಕೊಂಡ ಹಿತ್ತಾಳೆ ತೋಟೆಯೊಂದು ಅವುಗಳ ನಡುವೆ ಸೇರಿರುವುದೂ ಉಂಟು. ಒಳಗೆ ಕೂತಿತೆಂದ ಮಾತ್ರಕ್ಕೆ ತೋಟೆ ಆ ಕೋವಿಯದ್ದೇ ಎಂದು ತಿಳಿಯುವುದು ಅಪಾಯಕಾರಿ.

ಮೊದಲು ಕೋವಿಯ ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು, ಒಳಗೆ ತೋಟೆಯಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಅನಂತರ ನಳಿಗೆಯ ಮೇಲೆ ಅಚ್ಚೊತ್ತಿರುವ ಬೋರ್ ಮತ್ತು ಚೇಂಬರಿನ (ತೋಟೆ ಕೂರುವ ಜಾಗದ) ಅಳತೆಯನ್ನು ಓದಿ, ಪರವಾನಗಿ ಪುಸ್ತಕದ ನಮೂದಿನೊಂದಿಗೆ ಹೋಲಿಸಿ. ಅಕ್ಷರ ಸವೆದು ಓದಲಾಗದಿದ್ದರೆ ಪರವಾನಗಿ ಪಡೆದ ಕೋವಿ ರಿಪೇರಿಯವರಲ್ಲಿ ಅಳತೆ ಮಾಡಿಸಬೇಕೇ ಹೊರತು ತೋಟೆ ಹಾಕಿ ನೋಡಬಾರದು.

ಹನ್ನೆರಡು ಬೋರಿನಲ್ಲಿ ಜನ ಎಡವುವುದು ಉದ್ದದ ವಿಷಯದಲ್ಲಿ. ತೋಟೆಯ ಮೇಲೆ ಬರೆದಿರುವ 65 ಅಥವಾ 70 ಮಿಲಿಮೀಟರ್ ಎಂಬುದು ಈಡಾದ ಮೇಲೆ ಅದರ ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಆದ್ದರಿಂದ 70ರ ತೋಟೆ 65ರ ಹಳೆಯ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಈಡಾದ ಕ್ಷಣದಲ್ಲಿ ಅದರ ಬಾಯಿ ತೆರೆದುಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಗಾತ್ರದಲ್ಲಿ ಸಣ್ಣದಾದ ಇಪ್ಪತ್ತು ಬೋರಿನ ತೋಟೆ ಹನ್ನೆರಡರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಎನಿಸುತ್ತದೆ, ಇನ್ನೊಂದು ತೋಟೆ ತುಂಬಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ.

ರೈಫಲ್ಲಿನ ತೋಟೆಯ ತಳವನ್ನು ಬೆಳಕಿಗೆ ಹಿಡಿದು ಓದಬೇಕು. ಮಾರುಕಟ್ಟೆಯ ತೋಟೆಯ ತಳದಲ್ಲಿ ಸಾಮಾನ್ಯವಾಗಿ ತಯಾರಕರ ಹೆಸರೂ ಬೋರಿನ ಹೆಸರೂ ಇರುತ್ತವೆ; ಸೈನ್ಯದ ತೋಟೆಯಲ್ಲಿ ಹೆಚ್ಚಾಗಿ ಕಾರ್ಖಾನೆಯ ಗುರುತು ಮತ್ತು ವರ್ಷ, ನ್ಯಾಟೋ ಮಾನದಂಡದ್ದಾದರೆ ವೃತ್ತದೊಳಗೊಂದು ಕೂಡುಚಿಹ್ನೆ. ಕೆಎಫ್ ಎಂದರೆ ಪುಣೆಯ ಖಡ್ಕಿಯಲ್ಲಿರುವ ಮದ್ದುಗುಂಡು ಕಾರ್ಖಾನೆ. ಆದರೆ ಅಲ್ಲಿ ಸೈನ್ಯಕ್ಕೂ ನಾಗರಿಕರಿಗೂ ತೋಟೆ ತಯಾರಾಗುವುದರಿಂದ ಆ ಎರಡಕ್ಷರವೊಂದರಿಂದಲೇ ತೀರ್ಮಾನಕ್ಕೆ ಬರಲಾಗದು.

ಹೊರನೋಟಕ್ಕೆ ಒಂದೇ ಎನಿಸುವ ತೋಟೆಗಳು ಒಳಗೆ ಬೇರೆ ಎಂಬುದಕ್ಕೆ ಹೊರದೇಶಗಳಲ್ಲಿ ಬಳಕೆಯಲ್ಲಿರುವ .223 ರೆಮಿಂಗ್ಟನ್ ಮತ್ತು ಸೈನ್ಯದ 5.56 ಜೋಡಿಯೇ ಸಾಕ್ಷಿ. ಸೈನಿಕ ಚೇಂಬರಿನಲ್ಲಿ ಗುಂಡು ನಳಿಗೆಯ ಸುರುಳಿಗೆರೆಗಳನ್ನು ಮುಟ್ಟುವ ಮುನ್ನ ಹೆಚ್ಚು ಅಂತರವಿರುತ್ತದೆ, ಅಷ್ಟು ಅಂತರವಿಲ್ಲದ .223 ಚೇಂಬರಿನಲ್ಲಿ 5.56 ತೋಟೆ ಹಾರಿಸಿದರೆ ಒತ್ತಡ ಮಿತಿ ಮೀರಬಹುದೆಂದು ಅಮೆರಿಕದ ತಯಾರಕರ ಮಾನದಂಡ ಸಂಸ್ಥೆಯೇ ಎಚ್ಚರಿಸಿದೆ. 5.56 ಚೇಂಬರಿನಲ್ಲಿ .223 ಬಳಸಿದರೆ ಈ ತೊಂದರೆಯಿಲ್ಲ. ಮಾರುಕಟ್ಟೆಯ .308 ವಿಂಚೆಸ್ಟರ್ ಮತ್ತು ಸೈನ್ಯದ 7.62×51ರ ನಡುವೆ ಅಪಾಯ ಇನ್ನೊಂದು ಬಗೆಯದು: ಸೈನಿಕ ಚೇಂಬರ್ ತುಸು ಉದ್ದ, ಸೈನ್ಯದ ಹಿತ್ತಾಳೆ ದಪ್ಪ. ಉದ್ದದ ಚೇಂಬರಿನಲ್ಲಿ ಮಾರುಕಟ್ಟೆಯ ತೆಳು ಹಿತ್ತಾಳೆ ಹಿಗ್ಗಿ ತಳದ ಬಳಿ ಹರಿಯಬಹುದು. ಎರಡರ ಒತ್ತಡದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ವಾದಿಸುವವರಿದ್ದಾರೆ. ಅಳೆಯುವ ವಿಧಾನವೇ ಬೇರೆಯಾಗಿರುವಾಗ ಆ ಹೋಲಿಕೆಗೆ ಅರ್ಥವಿಲ್ಲ.

ಸೈನ್ಯದ ತೋಟೆಯನ್ನು ಮನೆಯ ಕೋವಿಗೆ ಬಳಸಬಹುದೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಕಾನೂನೇ ಅಡ್ಡ ನಿಂತಿದೆ. ಸೈನ್ಯದ .303 ಬೋರ್ ನಾಗರಿಕರಿಗೆ ಸಿಗಬಾರದೆಂಬ ಬ್ರಿಟಿಷ್ ಕಾಲದ ನೀತಿಯಿಂದಲೇ .315 ಇಲ್ಲಿ ಬಳಕೆಗೆ ಬಂದದ್ದು. ಹೆಸರಿನ ಅಂಕಿ ಹತ್ತಿರವಿದ್ದರೂ .303ರ ಹಿತ್ತಾಳೆ ಕವಚ ಸುಮಾರು 56 ಮಿಲಿಮೀಟರ್, .315ರದ್ದು ಸುಮಾರು 50. ಒಂದರ ಬದಲು ಇನ್ನೊಂದು ಎಂಬ ಮಾತೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಿಷೇಧಿತ ಮದ್ದುಗುಂಡು ಇಟ್ಟುಕೊಂಡವರಿಗೆ 7ರಿಂದ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಪೆಟ್ಟಿಗೆಯಲ್ಲಿ ಅಂಥದ್ದು ಕಂಡರೆ ಬಾವಿಗೆ ಎಸೆಯದೆ, ಒಲೆಗೆ ಹಾಕದೆ, ಹೊತ್ತುಕೊಂಡೂ ಹೋಗದೆ, ಪೊಲೀಸ್ ಠಾಣೆಗೆ ತಿಳಿಸಿ ಅವರು ಹೇಳಿದಂತೆ ಒಪ್ಪಿಸಬೇಕು.

ಬೋರ್ ಹೊಂದಿದರೂ ಮಲೆನಾಡಿನ ಮಳೆಗಾಲ ಕಳೆದ ತೋಟೆಯನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು. ಕಾಗದದ ಕವಚ ಉಬ್ಬಿದ್ದರೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ, ಕೇಪು (ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ತಗ್ಗಿದ್ದರೆ ಅದನ್ನು ಬಳಸಬಾರದು. ಹಳೆಯ ಕೆಲವು ಕೇಪುಗಳ ಮದ್ದು ನಳಿಗೆಯಲ್ಲಿ ಉಪ್ಪಿನಂಶ ಉಳಿಸುತ್ತದೆ, ಅದು ತೇವ ಹೀರಿ ಬೇಗನೆ ತುಕ್ಕು ಹಿಡಿಸುತ್ತದೆ. ಎಣ್ಣೆಯೊಂದರಿಂದ ಉಪ್ಪು ಹೋಗುವುದಿಲ್ಲ, ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಮೇಲೆ ಎಣ್ಣೆ ಸವರಬೇಕು.

ಕುದುರೆ ಎಳೆದೂ ಈಡಾಗದಿದ್ದರೆ ಬಾಯಿಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು, ತಡವಾಗಿ ಹೊತ್ತಿಕೊಳ್ಳುವ ಮದ್ದೂ ಇರುತ್ತದೆ. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿಸಿದರೆ ಎರಡನೆಯ ಈಡು ಬೇಡ. ತೋಟೆ ತೆಗೆದು, ಹಿಂಬದಿಯಿಂದ ನಳಿಗೆಯೊಳಗೆ ಬೆಳಕು ಹಾಯುವುದೇ ಎಂದು ನೋಡಿ, ಏನಾದರೂ ಸಿಕ್ಕಿಕೊಂಡಿದ್ದರೆ ತಾವೇ ಗುದ್ದಿ ತೆಗೆಯಲು ಹೋಗದೆ ರಿಪೇರಿಯವರ ಬಳಿಗೆ ಒಯ್ಯಬೇಕು.